ದಕ್ಷಿಣ ಪಿನಾಕಿನಿಯ ಕೆರೆಗಳು: ಅಂದು - ಇಂದು

ಪರಶಿವನ ಬಿಲ್ಲಿಗೆ ಪಿನಾಕವೆಂದು ಹೆಸರು. ಆ ಹೆಸರನ್ನು ಹೊತ್ತ ಎರಡು ನದಿಗಳು ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುತ್ತವೆ. ಉತ್ತರ ಪಿನಾಕಿನಿಯು ಆಂಧ್ರದತ್ತ ಹರಿದು ನೆಲ್ಲೂರಿನ ಬಳಿ ಕಡಲನ್ನು ಸೇರಿದರೆ, ದಕ್ಷಿಣ ಪಿನಾಕಿನಿಯು ಹೊಸಕೋಟೆ, ಆನೇಕಲ್ಲು ಸೀಮೆಗಳನ್ನು ಹಾದು ನಮ್ಮ ಹೊಸೂರು ತಾಲ್ಲೂಕಿಗೆ ಬರುತ್ತದೆ. ಮುಂದೆ ಕೆಲವರಪಳ್ಳಿ, ಕೃಷ್ಣಗಿರಿ, ಸಾತನೂರು ಜಲಾಶಯಗಳನ್ನು ತುಂಬಿ ಕಡಲೂರಿನ ಬಳಿ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ತಮಿಳಿನಲ್ಲಿ ಇದಕ್ಕೆ ತೆನ್‌ಪೆಣ್ಣೈ ಎಂದು ಹೆಸರು. ಚಂದ್ರಚೂಡೇಶ್ವರನ ಬೆಟ್ಟದ ಸೀಮೆಯ ನಮಗೆ ಈ ನದಿಯೂ ಇದರ ಕೆರೆಗಳೂ ಬರಿಯ ನೀರಾವರಿಯ ವಿಷಯವಲ್ಲ. ಅಭಿಷೇಕದ ನೀರು, ತೆಪ್ಪೋತ್ಸವದ ನೀರು, ಗದ್ದೆಯ ನೀರು ಎಲ್ಲವೂ ಒಂದೇ ಮೂಲದವು. ಆ ನೀರಿನ ಗುಣ ಹೇಗೆ ಬದಲಾಯಿತೆಂಬ ಚರಿತ್ರೆಯನ್ನು ಈ ಸಂಚಿಕೆಯಲ್ಲಿ ಸಂಕ್ಷೇಪವಾಗಿ ನಿರೂಪಿಸಲಾಗಿದೆ.

ಕೆರೆ ಕಟ್ಟಿದ ಕಾಲ

ನಮ್ಮದು ಮಳೆ ಕಡಿಮೆಯ ಎತ್ತರದ ನಾಡು. ವರ್ಷವಿಡೀ ಹರಿಯುವ ಹೊಳೆ ಇಲ್ಲದ ಕಡೆ ಪೂರ್ವಿಕರು ಹಳ್ಳಗಳಿಗೆ ಅಡ್ಡಲಾಗಿ ಏರಿ ಹಾಕಿ ಕೆರೆಗಳ ಸಾಲನ್ನೇ ಕಟ್ಟಿದರು. ಮೇಲಿನ ಕೆರೆ ತುಂಬಿ ಕೋಡಿ ಹರಿದರೆ ಆ ನೀರು ಕಾಲುವೆಯಲ್ಲಿ ಕೆಳಗಿನ ಕೆರೆಗೆ ಬರುತ್ತಿತ್ತು. ಬೆಂಗಳೂರಿನ ಅಗರದಲ್ಲಿ ದೊರೆತಿರುವ, ಸುಮಾರು ಕ್ರಿ.ಶ. 870ರ ಗಂಗರ ಕಾಲದ ಶಾಸನವು ಕೆರೆಗಳಿಗೆ ತೂಬು ಇಡಿಸಿದ ಸಂಗತಿಯನ್ನು ತಿಳಿಸುತ್ತದೆ. ಅಂದರೆ ಈ ಕೆರೆಸಾಲಿಗೆ ಸಾವಿರ ವರ್ಷಕ್ಕೂ ಮೀರಿದ ಇತಿಹಾಸವುಂಟು. ಕೆರೆ ಕಟ್ಟಿಸುವುದನ್ನು ಸಪ್ತಸಂತಾನಗಳಲ್ಲಿ ಒಂದೆಂದು ಹಿರಿಯರು ಎಣಿಸಿದ್ದರು. ತಮಿಳಿನಲ್ಲಿ ಏರಿ ಎಂದರೆ ಕೆರೆ. ಕನ್ನಡದಲ್ಲಿ ಏರಿ ಎಂದರೆ ಅದರ ಕಟ್ಟೆ. ಎರಡು ನುಡಿಗಳೂ ಕೂಡಿ ಬಾಳುವ ನಮ್ಮ ಊರುಗಳಲ್ಲಿ ಈ ಒಂದು ಪದವೇ ಕೆರೆಗೂ ಕಟ್ಟೆಗೂ ಸಲ್ಲುತ್ತದೆ.

ಅಂದು ಕೆರೆಯ ಮೇಲಿನ ನೆಲವು ರಾಗಿ ಹೊಲ, ಗೋಮಾಳ, ತೋಪು. ಮಳೆಯ ನೀರು ಮಣ್ಣಿನಲ್ಲಿ ಇಂಗಿ, ಹುಲ್ಲಿನ ನಡುವೆ ಸೋಸಿ ನಿಧಾನವಾಗಿ ಕೆರೆಗೆ ಇಳಿಯುತ್ತಿತ್ತು. ನೀರುಗಂಟಿಯು ತೂಬು, ಕಾಲುವೆಗಳನ್ನು ನೋಡಿಕೊಳ್ಳುತ್ತಿದ್ದನು. ಬೇಸಿಗೆಯಲ್ಲಿ ರೈತರು ಕೆರೆಯ ಗೋಡನ್ನು ಗಾಡಿಗಳಲ್ಲಿ ತುಂಬಿ ಹೊಲಕ್ಕೆ ಸಾಗಿಸುತ್ತಿದ್ದರು. ಹೊಲಕ್ಕೆ ಗೊಬ್ಬರವಾಯಿತು, ಕೆರೆಗೆ ಹೂಳು ತೆಗೆದಂತಾಯಿತು. ಕೆರೆಯ ನೀರಿನ ಗುಣವನ್ನು ನಿರ್ಧರಿಸುವುದು ಅದರ ಮೇಲಿನ ನೆಲವೆಂಬುದನ್ನು ಅವರು ಪುಸ್ತಕ ಓದದೆಯೇ ಬಲ್ಲವರಾಗಿದ್ದರು.

ನಗರ ಬೆಳೆದ ಬಗೆ

ಬೆಂಗಳೂರು ಒಂದು ದಿಣ್ಣೆಯ ಮೇಲಿರುವ ಪಟ್ಟಣ. ಅದರ ಪಶ್ಚಿಮದ ನೀರು ವೃಷಭಾವತಿಯ ಮೂಲಕ ಅರ್ಕಾವತಿಗೂ ಕಾವೇರಿಗೂ ಸೇರುತ್ತದೆ. ಹೆಬ್ಬಾಳ ಕಣಿವೆ ಹಾಗೂ ಕೋರಮಂಗಲ - ಚಲ್ಲಘಟ್ಟ ಕಣಿವೆಯ ನೀರು ಪೂರ್ವಕ್ಕೆ ಹರಿದು ದಕ್ಷಿಣ ಪಿನಾಕಿನಿಗೆ ಸೇರುತ್ತದೆ. 1901ರಲ್ಲಿ ಒಂದೂವರೆ ಲಕ್ಷಕ್ಕೆ ತುಸು ಮೇಲಿದ್ದ ನಗರದ ಜನಸಂಖ್ಯೆಯು 1951ರಲ್ಲಿ ಸುಮಾರು 7.8 ಲಕ್ಷವಾಯಿತು, 2011ರಲ್ಲಿ 84 ಲಕ್ಷವನ್ನು ದಾಟಿತು. ಭಾರತೀಯ ವಿಜ್ಞಾನ ಸಂಸ್ಥೆಯವರು ಉಪಗ್ರಹ ಚಿತ್ರಗಳಿಂದ ಲೆಕ್ಕ ಹಾಕಿರುವಂತೆ, 1973ರಲ್ಲಿ ಅಲ್ಲಿ ಕಟ್ಟಡ, ರಸ್ತೆಗಳಿಂದ ಮುಚ್ಚಿದ ನೆಲ ನೂರಕ್ಕೆ ಸುಮಾರು 8 ಭಾಗ. 2012ರ ಹೊತ್ತಿಗೆ ಅದು ಅರ್ಧಕ್ಕಿಂತ ಹೆಚ್ಚು.

ಇನ್ನೊಂದು ಬದಲಾವಣೆ ಅಷ್ಟಾಗಿ ಕಣ್ಣಿಗೆ ಬೀಳದ್ದು. ಮೊದಲು ಹೆಸರಘಟ್ಟ, 1933ರಿಂದ ತಿಪ್ಪಗೊಂಡನಹಳ್ಳಿ ನಗರಕ್ಕೆ ನೀರೊದಗಿಸಿದವು. 1974ರಲ್ಲಿ ಕಾವೇರಿಯ ಮೊದಲ ಹಂತ ಬಂದಿತು. 2012ರ ನಾಲ್ಕನೆಯ ಹಂತದ ವೇಳೆಗೆ ದಿನಕ್ಕೆ ಸುಮಾರು 140 ಕೋಟಿ ಲೀಟರು ಕಾವೇರಿ ನೀರು ಬೆಟ್ಟವೇರಿ ಬರುವಂತಾಯಿತು. 2024ರಲ್ಲಿ ಐದನೆಯ ಹಂತವೂ ಸೇರಿತು. ಮನೆಗೆ ಬಂದ ನೀರಿನಲ್ಲಿ ನೂರಕ್ಕೆ ಎಂಬತ್ತರಷ್ಟು ಕೊಳೆನೀರಾಗಿ ಹೊರಗೆ ಹೋಗುವುದೆಂಬುದು ಎಂಜಿನಿಯರುಗಳ ಲೆಕ್ಕ. ಅದರಲ್ಲಿ ಪೂರ್ವದ ಪಾಲು ಪಿನಾಕಿನಿಯ ಪಾತ್ರಕ್ಕೆ ಬರುತ್ತದೆ. ಹೀಗೆ ಮಳೆಗಾಲದಲ್ಲಿ ಮಾತ್ರ ಹರಿಯುತ್ತಿದ್ದ ನಮ್ಮ ನದಿಯು ಬೇಸಿಗೆಯಲ್ಲೂ ಹರಿಯತೊಡಗಿತು. ಹರಿಯುವುದು ಬಳಸಿ ಬಿಟ್ಟ ಕಾವೇರಿ!

ಶುದ್ಧೀಕರಣ ಘಟಕಗಳು ನಗರದ ವೇಗಕ್ಕೆ ಸಮನಾಗಿ ಬೆಳೆಯಲಿಲ್ಲ. ಸುಮಾರು 900 ಎಕರೆಯ ಬೆಳ್ಳಂದೂರು ಕೆರೆಯು 2015, 2017, 2018ರಲ್ಲಿ ಹೊತ್ತಿ ಉರಿದುದನ್ನು ಲೋಕವೇ ನೋಡಿತು. ಅದರ ಕೆಳಗಿನದು ವರ್ತೂರು ಕೆರೆ. ವರ್ತೂರಿನ ಕೆಳಗೆ ಪಿನಾಕಿನಿ. ಪಿನಾಕಿನಿಯ ಕೆಳಗೆ ನಾವು.

ಕೆಲವರಪಳ್ಳಿಯ ನೊರೆ

ಹೊಸೂರಿನ ಸಮೀಪದ ಕೆಲವರಪಳ್ಳಿ ಅಣೆಕಟ್ಟು ಸುಮಾರು 8,000 ಎಕರೆಗೆ ನೀರುಣಿಸಲೆಂದು ಕಟ್ಟಿದ್ದು. ಅದರ ಕೆಳಗೆ 1950ರ ದಶಕದಲ್ಲಿ, ಕಾಮರಾಜರು ಮುಖ್ಯಮಂತ್ರಿಯಾಗಿದ್ದಾಗ ಕಟ್ಟಿದ ಕೃಷ್ಣಗಿರಿ ಜಲಾಶಯದ ಅಚ್ಚುಕಟ್ಟು ಸುಮಾರು 9,000 ಎಕರೆ. ಈಚಿನ ವರ್ಷಗಳಲ್ಲಿ ಕೆಲವರಪಳ್ಳಿಯ ಬಾಗಿಲು ತೆರೆದಾಗಲೆಲ್ಲ ಹತ್ತಿಯ ರಾಶಿಯಂತೆ ನೊರೆ ಎದ್ದುದನ್ನು ಅನೇಕರು ಕಂಡಿದ್ದಾರೆ. ಸಾಬೂನು ಪುಡಿಯ ಅಂಶವುಳ್ಳ ನೀರು ಎತ್ತರದಿಂದ ಬಿದ್ದು ಕಡೆದಂತಾದಾಗ ಹೀಗೆ ನೊರೆಯೇಳುತ್ತದೆ. ಹೊಸ ಮಳೆ ಬಂದಾಗ ತಳದಲ್ಲಿ ಕುಳಿತ ಕೆಸರೂ ಕದಡಿ ಮೇಲೇಳುತ್ತದೆ. ಕೊಳೆನೀರಿನ ರಂಜಕ, ಸಾರಜನಕಗಳು ಪಾಚಿಗೂ ಅಂತರಗಂಗೆಗೂ ಗೊಬ್ಬರವಾಗುತ್ತವೆ. ಅವು ಬೆಳೆದು ಕೊಳೆತಾಗ ನೀರಿನಲ್ಲಿ ಕರಗಿದ ಆಮ್ಲಜನಕ ತೀರಿ ಮೀನುಗಳು ಸಾಯುತ್ತವೆ. ಕೃಷ್ಣಗಿರಿ ಜಲಾಶಯದ ನೀರೂ ಹಸಿರು ತಿರುಗಿ ನಾರಿದ ವರ್ಷಗಳುಂಟು.

1799ರಲ್ಲಿ ಶ್ರೀರಂಗಪಟ್ಟಣವು ಪತನವಾದ ಮೇಲೆ ಹೊಸೂರು ಸೀಮೆ ಕಂಪನಿ ಸರ್ಕಾರಕ್ಕೆ ಸೇರಿತು. ನದಿಯ ಮೇಲ್ಭಾಗ ಮೈಸೂರಿನಲ್ಲಿಯೂ ಕೆಳಭಾಗ ಮದರಾಸಿನಲ್ಲಿಯೂ ಉಳಿದವು. 1892ರಲ್ಲಿ ಈ ಎರಡು ಸರ್ಕಾರಗಳು ಮಾಡಿಕೊಂಡ ಒಪ್ಪಂದವು ಹೊಸ ನೀರಾವರಿ ಕಾಮಗಾರಿಗಳನ್ನು ಕುರಿತದ್ದು. ಆ ಕಾಲದ ಚಿಂತೆ ನೀರು ಎಷ್ಟು ಬರುತ್ತದೆ ಎಂಬುದಾಗಿತ್ತು. ಎಂಥ ನೀರು ಬರುತ್ತದೆ ಎಂಬ ಪ್ರಶ್ನೆಗೆ ದೇಶದಲ್ಲಿ ಕಾನೂನು ಬಂದುದು 1974ರಲ್ಲಿ.

ನಮ್ಮ ಪಾಲು

ಇಷ್ಟನ್ನು ಓದಿ ದೋಷವನ್ನೆಲ್ಲ ಬೆಂಗಳೂರಿನ ಮೇಲೆ ಹೊರಿಸುವುದು ಸುಲಭ. ಆದರೆ ಹೊಸೂರೂ ಬೆಳೆದಿದೆ. 1970ರ ದಶಕದಿಂದ ಸಿಪ್ಕಾಟ್ ಕೈಗಾರಿಕಾ ಪ್ರದೇಶ ಬಂದಿತು, ದುಡಿಯುವ ಕೈಗಳಿಗೆ ಅನ್ನ ಸಿಕ್ಕಿತು, ಹೊಲಗಳು ಬಡಾವಣೆಗಳಾದವು. 2019ರಲ್ಲಿ ಊರು ಮಹಾನಗರಪಾಲಿಕೆಯಾಯಿತು. ಊರ ನಡುವಿನ ರಾಮನಾಯಕನ ಕೆರೆಗೂ ಮನೆಗಳ ಕೊಳೆನೀರು ನುಗ್ಗಿತು. ಅಂತರ್ಜಲದ ಫ್ಲೋರೈಡ್ ದೋಷದಿಂದ ಜನರನ್ನು ಪಾರುಮಾಡಲು 2013ರಲ್ಲಿ ಹೊಗೇನಕಲ್ಲಿನ ಕಾವೇರಿ ನೀರು ಕೃಷ್ಣಗಿರಿ, ಧರ್ಮಪುರಿ ಜಿಲ್ಲೆಗಳಿಗೆ ಬಂದಿತು. ನಾವೂ ಕಾವೇರಿಯನ್ನು ಕುಡಿದು ಪಿನಾಕಿನಿಗೆ ಬಿಡುವವರಾದೆವು. ಬೆಂಗಳೂರಿಗೆ ನಾವು ಕೆಳಗಿನವರು. ಕೃಷ್ಣಗಿರಿಯ ರೈತರಿಗೆ ನಾವು ಮೇಲಿನವರು. ಮೇಲಿನವರಿಂದ ನಾವು ಏನನ್ನು ಕೇಳುತ್ತೇವೆಯೋ ಅದನ್ನು ಕೆಳಗಿನವರಿಗೆ ಮಾಡಿಕೊಡುವುದು ನ್ಯಾಯ.

ಮಾಡಬೇಕಾದ ಕೆಲಸ ಗೊತ್ತಿಲ್ಲದ್ದೇನಲ್ಲ. ಕೊಳೆನೀರು ಕೆರೆಗೆ ಸೇರುವ ಮೊದಲೇ ಶುದ್ಧವಾಗಬೇಕು; ಮಳೆನೀರಿನ ಕಾಲುವೆಗೆ ಚರಂಡಿಯನ್ನು ಜೋಡಿಸಬಾರದು; ಕೆರೆಯ ಮೇಲಿನ ನೆಲದಲ್ಲಿ ಒಂದಿಷ್ಟು ಹುಲ್ಲು, ಮರ, ಜೌಗು ಉಳಿಯಬೇಕು. ಇವು ಸರ್ಕಾರದಿಂದ ಆಗಬೇಕಾದವು. ಬಿಡದೆ ಕೇಳುವುದು ನಮ್ಮಿಂದ ಆಗಬೇಕಾದದ್ದು. ಬಣ್ಣ ಬಳಿಯದ ಮಣ್ಣಿನ ಗಣಪನನ್ನೇ ಪೂಜಿಸುವುದು, ನಿರ್ಮಾಲ್ಯವನ್ನೂ ಪ್ಲಾಸ್ಟಿಕ್ ಚೀಲಗಳನ್ನೂ ಕಲ್ಯಾಣಿಗೆ ಎಸೆಯದಿರುವುದು ಭಕ್ತರಾದ ನಾವೇ ಈ ಉತ್ಸವದಿಂದಲೇ ಪಾಲಿಸಬಹುದಾದ ನೇಮಗಳು.

ಗಂಗೆಯನ್ನು ಜಟೆಯಲ್ಲಿ ಧರಿಸಿದ ಚಂದ್ರಚೂಡೇಶ್ವರನು, ತನ್ನ ಬಿಲ್ಲಿನ ಹೆಸರನ್ನು ಹೊತ್ತ ಈ ನದಿಯನ್ನು ಕಾಪಾಡುವ ಸದ್ಬುದ್ಧಿಯನ್ನೂ ಶಕ್ತಿಯನ್ನೂ ನಮಗೆ ಕರುಣಿಸಲೆಂದು ಪ್ರಾರ್ಥಿಸೋಣ.