ಎದೆಯುರಿಗೆ ಒಂದು ಲೋಟ ನೊರೆ

ಹೊಟ್ಟೆಯ ತೊಂದರೆಗಳಿಗೆ ಕನ್ನಡದಲ್ಲಿ ಹೆಸರುಗಳ ಬರವಿಲ್ಲ. ಎದೆಯುರಿ, ಹುಳಿತೇಗು, ಹೊಟ್ಟೆಯುಬ್ಬರ, ಅಜೀರ್ಣ, ವಾಯು, ಪಿತ್ತ ಎಂದು ನಮ್ಮ ಹಿರಿಯರು ಒಂದೊಂದನ್ನೂ ಬೇರೆ ಬೇರೆಯಾಗಿ ಗುರುತಿಸಿ, ಒಂದಕ್ಕೆ ಜೀರಿಗೆ ಕಷಾಯ, ಇನ್ನೊಂದಕ್ಕೆ ಓಮ, ಮತ್ತೊಂದಕ್ಕೆ ಇಂಗು ಹಾಕಿದ ಮಜ್ಜಿಗೆ ಎಂದು ಮದ್ದನ್ನೂ ಬೇರೆಯಾಗಿಯೇ ಹೇಳುತ್ತಿದ್ದರು. ಆದರೆ ಔಷಧಿ ಅಂಗಡಿಯ ಮುಂದೆ ನಿಂತಾಗ ಇವೆಲ್ಲವೂ ಒಂದೇ ಮಾತಿನಲ್ಲಿ ಕರಗಿಹೋಗುತ್ತವೆ: ‘ಗ್ಯಾಸ್ಟ್ರಿಕ್’. ಇಂಗ್ಲಿಷಿನಲ್ಲಿ ಅದು ರೋಗದ ಹೆಸರೇ ಅಲ್ಲ. ‘ಜಠರಕ್ಕೆ ಸಂಬಂಧಿಸಿದ’ ಎಂಬ ವಿಶೇಷಣ, ಅಷ್ಟೆ. ಅದನ್ನು ನಾಮಪದ ಮಾಡಿ ಒಂದು ಕಾಯಿಲೆಯನ್ನೇ ಹುಟ್ಟಿಸಿದ್ದು ನಾವು. ಆ ಕಾಯಿಲೆಗೆ ಮದ್ದು ಕೇಳಲು ವೈದ್ಯರ ಚೀಟಿ ಬೇಕಿಲ್ಲ. ಒಂದು ಪುಡಿಯ ಪೊಟ್ಟಣ, ಗುಲಾಬಿ ಬಣ್ಣದ ಒಂದು ಬಾಟಲಿ ಅಥವಾ ಚೀಪುವ ಎರಡು ಮಾತ್ರೆ ಸಾಕು.

ಆಂಟಾಸಿಡ್ ಎಂದು ಕರೆಸಿಕೊಳ್ಳುವ ಈ ಮದ್ದುಗಳ ಕೆಲಸ ಹೊಟ್ಟೆಯ ಆಮ್ಲವನ್ನು ತಗ್ಗಿಸುವುದು. ಕೆಲಸ ಸರಳ. ಆದರೆ ಹೊಟ್ಟೆಯಲ್ಲಿರುವುದು ಆಮ್ಲ ಎಂದು ತಿಳಿಯುವುದೇ ಮನುಷ್ಯನಿಗೆ ಸುಲಭವಾಗಿರಲಿಲ್ಲ. ಅನ್ನ ಹೊಟ್ಟೆಯಲ್ಲಿ ಬೇಯುತ್ತದೆ ಎಂದು ಕೆಲವರು, ಅರೆಯಲ್ಪಡುತ್ತದೆ ಎಂದು ಕೆಲವರು, ಹುದುಗುತ್ತದೆ ಎಂದು ಮತ್ತೆ ಕೆಲವರು ಯುರೋಪಿನಲ್ಲಿ ಬಹುಕಾಲ ವಾದಿಸಿದರು. 1823ರ ಡಿಸೆಂಬರ್‌ನಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಪ್ರೌಟ್ ರಾಯಲ್ ಸೊಸೈಟಿಯ ಮುಂದೆ ಪ್ರಬಂಧ ಓದಿ, ಪ್ರಾಣಿಗಳ ಜಠರದಲ್ಲಿ ಇರುವುದು ಹೈಡ್ರೋಕ್ಲೋರಿಕ್ ಆಮ್ಲ ಎಂದು ತೋರಿಸಿದ. ಪ್ರಯೋಗಶಾಲೆಯ ಸೀಸೆಯಲ್ಲಿಡುವ, ಲೋಹವನ್ನೂ ತಿನ್ನಬಲ್ಲ ಆಮ್ಲ ಜೀವಂತ ದೇಹದೊಳಗೆ ಇದೆ ಎಂಬುದನ್ನು ಒಪ್ಪಲು ಹಲವು ಪಂಡಿತರು ಸಿದ್ಧರಿರಲಿಲ್ಲ.

ಇದನ್ನು ಕಣ್ಣಾರೆ ನೋಡುವ ಅವಕಾಶ ಸಿಕ್ಕಿದ್ದು ಅಮೆರಿಕದ ಸೇನಾ ವೈದ್ಯ ವಿಲಿಯಂ ಬ್ಯೂಮಾಂಟ್‌ಗೆ, ಅದೂ ಒಂದು ಅಪಘಾತದಿಂದ. 1822ರ ಜೂನ್ 6ರಂದು ಮ್ಯಾಕಿನಾಕ್ ದ್ವೀಪದ ತುಪ್ಪುಳಿನ ವ್ಯಾಪಾರದ ಅಂಗಡಿಯಲ್ಲಿ ಆಕಸ್ಮಿಕವಾಗಿ ಬಂದೂಕು ಸಿಡಿದು ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಕೆನಡಾದ ಯುವಕನ ಪಕ್ಕೆ ಹಾರಿಹೋಯಿತು. ಆತ ಬದುಕಿದ, ಆದರೆ ಹೊಟ್ಟೆಗೆ ಬಿದ್ದ ತೂತು ಮುಚ್ಚಲೇ ಇಲ್ಲ. ಬ್ಯೂಮಾಂಟ್ ಅವನನ್ನು ಮನೆಯಾಳಾಗಿ ಇರಿಸಿಕೊಂಡು, ರೇಷ್ಮೆ ದಾರಕ್ಕೆ ಮಾಂಸ, ರೊಟ್ಟಿ, ಕೋಸಿನ ತುಂಡುಗಳನ್ನು ಕಟ್ಟಿ ಆ ತೂತಿನಿಂದ ಒಳಗಿಳಿಸಿ, ಗಡಿಯಾರ ನೋಡಿ ಹೊರಗೆಳೆಯುತ್ತಿದ್ದ. ಹೀಗೆ ಇನ್ನೂರಕ್ಕೂ ಹೆಚ್ಚು ಪ್ರಯೋಗಗಳು ನಡೆದವು. 1833ರಲ್ಲಿ ಅವನ ಪುಸ್ತಕ ಹೊರಬಂದಾಗ ಜಠರರಸದ ಬಗ್ಗೆ ಉಳಿದಿದ್ದ ಬಹುಪಾಲು ಅನುಮಾನ ತೀರಿತು. ಸೇಂಟ್ ಮಾರ್ಟಿನ್ ಮಾತ್ರ ಈ ಕೀರ್ತಿಯಿಂದ ಬೇಸತ್ತಿದ್ದ. ವೈದ್ಯನಿಗಿಂತ 27 ವರ್ಷ ಹೆಚ್ಚು ಬದುಕಿ 1880ರಲ್ಲಿ ಆತ ತೀರಿಕೊಂಡಾಗ, ವೈದ್ಯರು ಶವವನ್ನು ಕೊಯ್ಯಬಾರದೆಂದು ಮನೆಯವರು ಅದು ಕೊಳೆಯುವವರೆಗೆ ಕಾದು, ಆಮೇಲೆ ಆಳದ ಗುಂಡಿಯಲ್ಲಿ ಹೂಳಿದರು.

ಶತ್ರು ಯಾರೆಂದು ಗೊತ್ತಾದ ಮೇಲೆ ಆಯುಧಗಳಿಗೆ ಕೊರತೆಯಾಗಲಿಲ್ಲ. ಹುಳಿಗೆ ಕ್ಷಾರವೇ ಎದುರು ಎಂಬುದು ಹಳೆಯ ತಿಳಿವಳಿಕೆ. ನಿಂಬೆರಸಕ್ಕೆ ಚಿಟಿಕೆ ಅಡುಗೆ ಸೋಡಾ ಉದುರಿಸಿದರೆ ಬುಸ್ಸೆಂದು ನೊರೆಯೇಳುವುದನ್ನು ನೋಡದವರಾರು? ಸೋಡಾ ಹೊಟ್ಟೆಗಿಳಿದಾಗ ಆಗುವುದೂ ಅದೇ. ಆಮ್ಲದೊಡನೆ ಕೂಡಿ ಉಪ್ಪು, ನೀರು, ಇಂಗಾಲಾಮ್ಲ ಅನಿಲ ಆಗುತ್ತದೆ. ಅನಿಲ ತೇಗಾಗಿ ಹೊರಬರುತ್ತದೆ. ‘ಗ್ಯಾಸ್ ಹೋಯಿತು, ಹಗುರವಾಯಿತು’ ಎನ್ನುತ್ತೇವೆ. ಹೋದ ಗ್ಯಾಸಿನಲ್ಲಿ ಒಂದಷ್ಟು ಪಾಲು ಈಗತಾನೆ ಕುಡಿದ ಮದ್ದಿನದೇ ಎಂಬುದು ಹೊಳೆಯುವುದಿಲ್ಲ!

ಐರ್ಲೆಂಡಿನ ವೈದ್ಯ ಜೇಮ್ಸ್ ಮರ್ರೆ 1829ರಲ್ಲಿ ಮೆಗ್ನೀಷಿಯಾವನ್ನು ನೀರಿನಲ್ಲಿ ಕರಗಿಸಿದ ದ್ರವವನ್ನು ತಯಾರಿಸಿ ಅಲ್ಲಿನ ಬ್ರಿಟಿಷ್ ಪ್ರತಿನಿಧಿಗೇ ಕೊಟ್ಟು ಹೆಸರು ಮಾಡಿದ. 1873ರಲ್ಲಿ ಅಮೆರಿಕದ ಚಾರ್ಲ್ಸ್ ಫಿಲಿಪ್ಸ್ ಹಾಲಿನಂತೆ ಬೆಳ್ಳಗಿರುವ ಗಟ್ಟಿ ದ್ರವಕ್ಕೆ ಹಕ್ಕುಪತ್ರ ಪಡೆದು ‘ಮಿಲ್ಕ್ ಆಫ್ ಮೆಗ್ನೀಷಿಯಾ’ ಎಂದು ಕರೆದ. ಆ ಹೆಸರು ಇಂದಿಗೂ ಉಳಿದಿದೆ.

ನಮ್ಮ ಮನೆಗಳಿಗೆ ಹೆಚ್ಚು ಹತ್ತಿರವಾದದ್ದು ಮತ್ತೊಬ್ಬನ ಪುಡಿ. ಇಂಗ್ಲೆಂಡಿನ ನ್ಯೂಕ್ಯಾಸಲ್ ಬಂದರು ಪಟ್ಟಣದಲ್ಲಿ ಔಷಧಿ ಅಂಗಡಿ ಇಟ್ಟಿದ್ದ ಜೇಮ್ಸ್ ಕ್ರಾಸ್ಲಿ ಈನೋ 1850ರ ದಶಕದಲ್ಲಿ ಸೋಡಾಕ್ಕೆ ಹಣ್ಣಿನ ಆಮ್ಲ ಬೆರೆಸಿ ‘ಫ್ರೂಟ್ ಸಾಲ್ಟ್’ ಮಾಡಿದ. ದೂರ ದೇಶಗಳಿಗೆ ಹೊರಟ ನಾವಿಕರು ಅದನ್ನು ಹಡಗಿನಲ್ಲಿ ಒಯ್ದರು. ಪುಡಿಗಿಂತ ಮೊದಲೇ ಅದರ ಹೆಸರು ಊರೂರು ತಲುಪುವಂತೆ ಪತ್ರಿಕೆಗಳಲ್ಲಿ ಜಾಹೀರಾತು ಬಂತು. ಇಂದು ನಮ್ಮಲ್ಲಿ ಮಾರಾಟವಾಗುವ ಈನೋ ಪೊಟ್ಟಣವನ್ನು ತಿರುಗಿಸಿ ಓದಿದರೆ ಅಚ್ಚರಿ ಕಾದಿದೆ. ಅದಕ್ಕೆ ಪರವಾನಗಿ ಇರುವುದು ಆಯುರ್ವೇದ ಔಷಧಿಯಾಗಿ. ಒಳಗಿರುವುದು ‘ಸ್ವರ್ಜಿಕ್ಷಾರ’ ಮತ್ತು ‘ನಿಂಬುಕಾಮ್ಲ’ ಎಂದು ಬರೆದಿದೆ. ಸ್ವರ್ಜಿಕ್ಷಾರವೆಂದರೆ ಅದೇ ಸೋಡಾ, ನಿಂಬುಕಾಮ್ಲವೆಂದರೆ ಸಿಟ್ರಿಕ್ ಆಮ್ಲ. ನ್ಯೂಕ್ಯಾಸಲ್ಲಿನ ಪುಡಿ ಸಂಸ್ಕೃತ ಕಲಿತದ್ದು ಹೀಗೆ. ಇನ್ನೊಂದು ಸ್ವಾರಸ್ಯವಿದೆ. ನೀರಿಗೆ ಹಾಕಿದೊಡನೆ ಸೋಡಾ ಮತ್ತು ಸಿಟ್ರಿಕ್ ಆಮ್ಲ ಲೋಟದಲ್ಲೇ ಕಾದಾಡಿ ಬಹುಪಾಲು ಮುಗಿದಿರುತ್ತವೆ. ಹೊಟ್ಟೆಗಿಳಿದು ಆಮ್ಲವನ್ನು ತಗ್ಗಿಸುವುದು ಮುಖ್ಯವಾಗಿ ಆ ಕಾದಾಟದಲ್ಲಿ ಹುಟ್ಟಿದ ಸಿಟ್ರೇಟ್ ಲವಣ. ನೊರೆ ಕಣ್ಣಿಗೆ ಹಬ್ಬ, ನಾಲಿಗೆಗೆ ರುಚಿ. ಆ ನೊರೆಯ ನಿಜವಾದ ಉಪಯೋಗ ಕಂಡುಕೊಂಡವರು ನಮ್ಮ ಗೃಹಿಣಿಯರೇ ಎನ್ನಲಡ್ಡಿಯಿಲ್ಲ. ದಿಢೀರ್ ರವೆ ಇಡ್ಲಿ ಹೂವಿನಂತೆ ಉಬ್ಬಲು ಇದೇ ಪುಡಿ ಬೀಳುತ್ತದೆ.

ಆಯುರ್ವೇದದಲ್ಲಿ ಈ ತೊಂದರೆಗೆ ‘ಅಮ್ಲಪಿತ್ತ’ ಎಂದು ಹೆಸರು. ಮಾಧವ ನಿದಾನದಲ್ಲಿ ಅದಕ್ಕೊಂದು ಪ್ರತ್ಯೇಕ ಅಧ್ಯಾಯವೇ ಇದೆ. ವೈದ್ಯರು ಕೊಡುವ ಶಂಖಭಸ್ಮ, ಕವಡೆ ಭಸ್ಮಗಳು ರಸಾಯನಶಾಸ್ತ್ರದ ಲೆಕ್ಕದಲ್ಲಿ ಸುಣ್ಣದ ಕುಲದವು. 1928ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದ ಔಷಧಿ ವ್ಯಾಪಾರಿ ಜೇಮ್ಸ್ ಹೋವ್ ಹೆಂಡತಿಯ ಅಜೀರ್ಣಕ್ಕೆಂದು ಮನೆಯಲ್ಲೇ ಮಾಡಿ, ಮುಂದೆ ‘ಟಮ್ಸ್’ ಎಂದು ಲೋಕಪ್ರಸಿದ್ಧವಾದ ಮಾತ್ರೆಯೂ ಅದೇ ಕುಲದ್ದು, ಕ್ಯಾಲ್ಸಿಯಂ ಕಾರ್ಬೊನೇಟ್.

ಒಂದೊಂದು ಕ್ಷಾರಕ್ಕೂ ಒಂದೊಂದು ಚಾಳಿ. ಮೆಗ್ನೀಷಿಯಂ ಬೇಧಿ ಮಾಡಿಸುತ್ತದೆ, ಅಲ್ಯುಮಿನಿಯಂ ಮಲಬದ್ಧತೆ ತರುತ್ತದೆ. ಆದ್ದರಿಂದಲೇ ಡೈಜಿನ್, ಜೆಲುಸಿಲ್‌ನಂಥವುಗಳಲ್ಲಿ ಎರಡನ್ನೂ ಬೆರೆಸಿ ಒಂದರ ತಪ್ಪನ್ನು ಇನ್ನೊಂದರಿಂದ ಸರಿತೂಗಿಸಿರುತ್ತಾರೆ. ಜೊತೆಗಿರುವ ಸಿಮೆಥಿಕೋನ್ ಆಮ್ಲದ ತಂಟೆಗೆ ಹೋಗುವುದಿಲ್ಲ, ಗುಳ್ಳೆಗಳನ್ನು ಒಡೆಯುತ್ತದೆ. ಸೋಡಾದ ಚಾಳಿ ರಕ್ತದೊತ್ತಡದವರಿಗೆ ಗೊತ್ತಿರಬೇಕು. ಒಂದು ಗ್ರಾಂ ಸೋಡಾದಲ್ಲಿ ಕಾಲು ಗ್ರಾಂಗಿಂತ ತುಸು ಹೆಚ್ಚು ಸೋಡಿಯಂ ಇದೆ. ಕಬ್ಬಿಣದ ಮಾತ್ರೆಯನ್ನೋ ಕೆಲವು ಆಂಟಿಬಯೋಟಿಕ್‌ಗಳನ್ನೋ ಆಂಟಾಸಿಡ್ ಜೊತೆಯಲ್ಲೇ ನುಂಗಿದರೆ ಅವು ಮೈಗೆ ಸರಿಯಾಗಿ ಹತ್ತುವುದಿಲ್ಲ. ಸಮಯವೂ ಮುಖ್ಯ. ಖಾಲಿ ಹೊಟ್ಟೆಯಲ್ಲಿ ಕುಡಿದರೆ ಅರ್ಧ ಗಂಟೆಯೊಳಗೆ ಮದ್ದು ಮುಂದೆ ಸರಿದುಹೋಗುತ್ತದೆ. ಊಟವಾದ ಒಂದು ಗಂಟೆಯ ಮೇಲೆ ಕುಡಿದರೆ ಎರಡು ಮೂರು ಗಂಟೆ ಕೆಲಸ ಮಾಡುತ್ತದೆ.

ಇಷ್ಟರವರೆಗಿನದು ಎದೆಯುರಿಯ ಕಥೆ. ಹೊಟ್ಟೆಯ ಹುಣ್ಣಿನ ಕಥೆ ಇದಕ್ಕಿಂತ ಕಹಿ. 1910ರಲ್ಲಿ ಜಾಗ್ರೆಬ್‌ನ ಶಸ್ತ್ರವೈದ್ಯ ಕಾರ್ಲ್ ಶ್ವಾರ್ಟ್ಸ್ ‘ಆಮ್ಲವಿಲ್ಲದೆ ಹುಣ್ಣಿಲ್ಲ’ ಎಂದು ಸಾರಿದ. ಮುಂದಿನ ಮುಕ್ಕಾಲು ಶತಮಾನ ವೈದ್ಯಲೋಕ ನಡೆದದ್ದು ಆ ಸೂತ್ರದ ಮೇಲೆ. 1915ರಲ್ಲಿ ಶಿಕಾಗೋದ ಬರ್ಟ್ರಮ್ ಸಿಪ್ಪಿ ಗಂಟೆಗೊಮ್ಮೆ ಹಾಲು ಮತ್ತು ಕೆನೆ, ಅದರ ನಡುವೆ ಕ್ಷಾರದ ಪುಡಿಗಳು ಎಂಬ ಪಥ್ಯ ಬರೆದ. ದಶಕಗಳ ಕಾಲ ಹುಣ್ಣಿನ ರೋಗಿಗಳು ಅದನ್ನು ಅನುಸರಿಸಿದರು. ಕೆಲವರ ರಕ್ತದಲ್ಲಿ ಕ್ಯಾಲ್ಸಿಯಂ ವಿಪರೀತವಾಗಿ ಏರಿ ಮೂತ್ರಪಿಂಡಗಳೇ ಕೆಟ್ಟವು. ಆ ಹೊಸ ಕಾಯಿಲೆಗೆ ‘ಹಾಲು-ಕ್ಷಾರ’ ರೋಗವೆಂದೇ ಹೆಸರಾಯಿತು. ಪಥ್ಯಕ್ಕೆ ಬಗ್ಗದ ಹುಣ್ಣಿಗೆ ಜಠರದ ಭಾಗವನ್ನೇ ಕತ್ತರಿಸಿ ತೆಗೆಯುತ್ತಿದ್ದರು.

ಆ ಶಸ್ತ್ರಚಿಕಿತ್ಸೆಗಳನ್ನು ತಗ್ಗಿಸಿದ್ದು ಜೇಮ್ಸ್ ಬ್ಲ್ಯಾಕ್ ಎಂಬ ಸ್ಕಾಟ್ಲೆಂಡಿನ ವಿಜ್ಞಾನಿಯ ಯೋಚನೆ. ತೊಟ್ಟಿಯಿಂದ ಉಕ್ಕಿ ಹರಿದ ನೀರನ್ನು ಬಟ್ಟೆಯಿಂದ ಒರೆಸುತ್ತ ಕೂರುವುದಕ್ಕಿಂತ ನಲ್ಲಿ ತಿರುಗಿಸುವುದು ಮೇಲಲ್ಲವೆ? ಆಮ್ಲ ಸುರಿಸು ಎಂದು ಜಠರದ ಕೋಶಗಳಿಗೆ ಸೂಚನೆ ಕೊಡುವ ಹಿಸ್ಟಮಿನ್‌ಗೆ ಅಡ್ಡಗಟ್ಟುವ ಸಿಮೆಟಿಡಿನ್ 1976ರಲ್ಲಿ ಬ್ರಿಟನ್ನಿನ ಮಾರುಕಟ್ಟೆಗೆ ಬಂತು. 1981ರಲ್ಲಿ ಪ್ರತಿಸ್ಪರ್ಧಿ ಕಂಪನಿಯ ರಾನಿಟಿಡಿನ್ ಬಂದು ಅದನ್ನೂ ಹಿಂದೆ ಹಾಕಿತು. 1988ರಲ್ಲಿ ಬ್ಲ್ಯಾಕ್‌ಗೆ ನೊಬೆಲ್ ಬಹುಮಾನ ದೊರೆಯಿತು. ಅದೇ ವರ್ಷ ಸ್ವೀಡನ್ನಿನಿಂದ ಬಂದ ಒಮೆಪ್ರಜೋಲ್ ನಲ್ಲಿಯ ಬದಲು ಪಂಪನ್ನೇ ನಿಲ್ಲಿಸಿತು. ನಮ್ಮಲ್ಲಿ ಬಹಳ ಬಳಕೆಯಲ್ಲಿರುವ ಪ್ಯಾಂಟೊಪ್ರಜೋಲ್ ಅದರ ತಮ್ಮ. ವ್ಯಾಪಾರದ ವಿಚಿತ್ರ ನೋಡಿ: ಸಿಮೆಟಿಡಿನ್, ರಾನಿಟಿಡಿನ್‌ಗಳ ಒಡೆಯರಾದ ಬದ್ಧ ವೈರಿ ಕಂಪನಿಗಳು ಈನೋ ಪುಡಿಯ ಒಡೆಯರೊಡನೆ ಸೇರಿ 2000ದಲ್ಲಿ ಒಂದೇ ಸಂಸ್ಥೆಯಾದವು.

ಇಷ್ಟಾದರೂ ಗುಳಿಗೆ ನಿಲ್ಲಿಸಿದರೆ ಹುಣ್ಣು ಮರಳುತ್ತಿತ್ತು. ಕಾರಣ ಬೇರೆಯೇ ಇತ್ತು. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ರಾಬಿನ್ ವಾರನ್ ಮತ್ತು ಬ್ಯಾರಿ ಮಾರ್ಷಲ್ 1982ರಲ್ಲಿ ಜಠರದ ಗೋಡೆಯಲ್ಲಿ ಬದುಕುವ ಸುರುಳಿ ಆಕಾರದ ಬ್ಯಾಕ್ಟೀರಿಯಾವನ್ನು ಬೆಳೆಸಿ ತೋರಿಸಿದರು. ಆಮ್ಲದಲ್ಲಿ ಯಾವ ಜೀವಿ ಬದುಕೀತು ಎಂದು ಜನ ನಕ್ಕರು. 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾದ ದ್ರಾವಣವನ್ನು ತಾವೇ ಕುಡಿದು ಜಠರದ ಉರಿಯೂತ ತಂದುಕೊಂಡರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಜೀವನವಿಡೀ ಮಾತ್ರೆ ನುಂಗಬೇಕಾಗಿದ್ದ ಅನೇಕರ ಹುಣ್ಣು ಒಂದೆರಡು ವಾರಗಳ ಆಂಟಿಬಯೋಟಿಕ್ ಚಿಕಿತ್ಸೆಯಿಂದ ವಾಸಿಯಾಗುವ ಕಾಲ ಬಂತು.

ಈ ಕಥೆಗೆ ಮೈಸೂರಿನದೂ ಒಂದು ಎಳೆ ಇದೆ. ಮೈಸೂರಿಗರು ಮಿಷನ್ ಆಸ್ಪತ್ರೆ ಎಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1950 ಮತ್ತು 60ರ ದಶಕಗಳಲ್ಲಿ ಶಸ್ತ್ರವೈದ್ಯರಾಗಿದ್ದ ಫ್ರಾಂಕ್ ಟೋವಿ, ಸಣ್ಣ ಕರುಳಿನ ಆರಂಭದಲ್ಲಾಗುವ ಹುಣ್ಣು ಇಲ್ಲಿ ಇಷ್ಟೊಂದು ಏಕೆ ಎಂದು ಕೇಳಿಕೊಂಡರು. ಅನ್ನ ತಿನ್ನುವ ದಕ್ಷಿಣದಲ್ಲಿ ಹುಣ್ಣು ಹೆಚ್ಚು, ಗೋಧಿ ತಿನ್ನುವ ಉತ್ತರದಲ್ಲಿ ಕಡಿಮೆ ಎಂಬುದು ಅವರಿಗೆ ಕಂಡಿತು. ಮಾರ್ಷಲ್ ಅವರ ಬ್ಯಾಕ್ಟೀರಿಯಾ ಬಂದ ಮೇಲೂ ಟೋವಿ ಪಟ್ಟು ಬಿಡಲಿಲ್ಲ. ಆ ಸೋಂಕು ಭಾರತದ ಎಲ್ಲೆಡೆ ಇರುವಾಗ ಹುಣ್ಣು ಮಾತ್ರ ಕೆಲವೆಡೆ ಏಕೆ ಎಂಬುದು ಅವರ ಪ್ರಶ್ನೆ. ಅವರೂ ಸಂಗಡಿಗರೂ ನಡೆಸಿದ ಪ್ರಾಣಿಪ್ರಯೋಗಗಳಲ್ಲಿ, ನಮ್ಮ ಹುರುಳಿಕಾಳಿನ ಕೊಬ್ಬಿನಂಶ ಜಠರವನ್ನು ಹುಣ್ಣಿನಿಂದ ಕಾಪಾಡಿತು. ಮನುಷ್ಯರ ಮಟ್ಟಿಗೆ ಇದಿನ್ನೂ ಚಿಕಿತ್ಸೆಯಲ್ಲ. ಆದರೂ ಹುರುಳಿಸಾರಿನ ಅಭಿಮಾನಿಗಳು ಖುಷಿಪಡಬಹುದು.

ಗುಳಿಗೆಗಳಿಗೂ ಆಯುಸ್ಸು ತೀರುತ್ತದೆ. ಒಂದು ಕಾಲದಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಮಾರಾಟವಾದ ರಾನಿಟಿಡಿನ್‌ನಲ್ಲಿ ಕ್ಯಾನ್ಸರ್‌ಕಾರಕವೆಂಬ ಶಂಕೆಯಿರುವ ಎನ್‌ಡಿಎಂಎ ಎಂಬ ಕಲ್ಮಶ ಕಂಡುಬಂದು, 2020ರ ಏಪ್ರಿಲ್‌ನಲ್ಲಿ ಅಮೆರಿಕ ಅದನ್ನು ಅಂಗಡಿಗಳಿಂದ ತೆಗೆಸಿತು. 2022ರಲ್ಲಿ ಭಾರತದ ಅಗತ್ಯ ಔಷಧಿಗಳ ಪಟ್ಟಿಯಿಂದಲೂ ಅದು ಹೊರಬಿತ್ತು.

ನಮ್ಮ ಕಾನೂನು ಆಂಟಾಸಿಡ್‌ಗಳನ್ನು ಮನೆಬಳಕೆಯ ಮದ್ದುಗಳ ಸಾಲಿಗೆ ಸೇರಿಸಿದೆ. ಗ್ರೈಪ್ ವಾಟರ್, ಹರಳೆಣ್ಣೆಗಳ ಜೊತೆಗೆ ಇವನ್ನೂ ಒಂದು ಸಾವಿರಕ್ಕಿಂತ ಹೆಚ್ಚು ಜನಸಂಖ್ಯೆಯಿಲ್ಲದ ಹಳ್ಳಿಗಳಲ್ಲಿ ಔಷಧಿ ಪರವಾನಗಿ ಇಲ್ಲದೆಯೇ ಮಾರಬಹುದು. ಆಸ್ಪತ್ರೆ ದೂರವಿರುವ ಹಳ್ಳಿಗೆ ಇದು ಅನುಕೂಲವೇ. ಅಪಾಯವಿರುವುದು ಪುಡಿಯಲ್ಲಿ ಅಲ್ಲ, ‘ಗ್ಯಾಸ್ಟ್ರಿಕ್’ ಎಂಬ ಆ ಒಂದೇ ಹೆಸರಿನಲ್ಲಿ. ಹೃದಯಾಘಾತದ ನೋವು ಎಷ್ಟೋ ಸಲ ಎದೆಯ ನಡುವೆ, ಹೊಟ್ಟೆಯ ಮೇಲ್ಭಾಗದಲ್ಲಿ ಉರಿಯಂತೆಯೇ ಕಾಣಿಸಿಕೊಳ್ಳುತ್ತದೆ. ಒಂದು ಲೋಟ ನೊರೆ ಕುಡಿದು ತೇಗಿ, ನೋವು ತುಸು ತಗ್ಗಿತೆಂದು ಮಲಗಿದವರು ಕಳೆದುಕೊಳ್ಳುವುದು ಅಮೂಲ್ಯವಾದ ಮೊದಲ ಗಂಟೆಗಳನ್ನು. ಬೆವರು, ಉಸಿರಾಟದ ಕಷ್ಟ, ತೋಳಿಗೋ ದವಡೆಗೋ ಹಬ್ಬುವ ನೋವು ಇದ್ದರೆ ಅದು ಪುಡಿಯ ಕೆಲಸವಲ್ಲ. ಮಲ ಕಪ್ಪಾಗುವುದು, ಕಾರಣವಿಲ್ಲದೆ ತೂಕ ಇಳಿಯುವುದು, ನುಂಗಲು ತೊಡಕಾಗುವುದು, ವಾರಗಟ್ಟಲೆ ಬಿಡದ ಉರಿ ಇವೂ ವೈದ್ಯರು ನೋಡಬೇಕಾದವು.

ಪ್ಯಾಂಟೊಪ್ರಜೋಲ್‌ನಂಥವು ಮನೆಬಳಕೆಯ ಮದ್ದುಗಳ ಪಟ್ಟಿಯಲ್ಲಿಲ್ಲ. ವೈದ್ಯರ ಚೀಟಿ ಇದ್ದರಷ್ಟೇ ಮಾರಬೇಕೆಂದು ಅವುಗಳ ಹಾಳೆಯ ಮೇಲೆ ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿರುತ್ತದೆ. ಅಂಗಡಿಯವರು ಕತ್ತರಿ ಹಾಕಿ ನಾಲ್ಕು ಮಾತ್ರೆ ಕೊಡುವಾಗ ಆ ಅಕ್ಷರಗಳಿರುವ ತುಂಡು ಎಷ್ಟೋ ಸಲ ಅಂಗಡಿಯ ಡಬ್ಬಿಯಲ್ಲೇ ಉಳಿದುಬಿಡುತ್ತದೆ.