ಈವ್ ಆನ್‌ಲೈನ್ ಆಟದ ಗೂಢಚಾರ ಸಂಸ್ಥೆಗಳು

ಈವ್ ಆನ್‌ಲೈನ್ ಎಂಬ ಅಂತರಜಾಲದ ಪಾತ್ರಧಾರಣೆಯ ಆಟದಲ್ಲಿ, ಪರಸ್ಪರ ಹಗೆತನವುಳ್ಳ ಆಟಗಾರರ ಒಕ್ಕೂಟಗಳು ಸ್ವರಕ್ಷಣೆಗಾಗಿಯೂ ಶತ್ರುನಾಶಕ್ಕಾಗಿಯೂ ಕಟ್ಟಿಕೊಂಡ ಗುಪ್ತ ಸಂಘಟನೆಗಳು. ಐಸ್‌ಲೆಂಡಿನ ರೇಕ್ಯಾವಿಕ್ ನಗರದ ಸಿಸಿಪಿ ಕಂಪನಿಯು 2003ರ ಮೇ ತಿಂಗಳಲ್ಲಿ ಈ ಆಟವನ್ನು ಹೊರತಂದಾಗ ಅದರಲ್ಲಿ ಗಣಿಗಾರನಿಗೆ, ವರ್ತಕನಿಗೆ, ಯೋಧನಿಗೆ, ದರೋಡೆಗಾರನಿಗೆ ಬೇಕಾದ ಉಪಕರಣಗಳೆಲ್ಲ ಇದ್ದುವೇ ಹೊರತು, ಒಕ್ಕೂಟಗಳ ನಡುವಣ ಬೇಹುಗಾರಿಕೆಗೆಂದು ಏರ್ಪಡಿಸಿದ ವೃತ್ತಿಯಾಗಲಿ ಅದಕ್ಕೆ ಸಲ್ಲುವ ಸಂಬಳವಾಗಲಿ ಇರಲಿಲ್ಲ. ಆ ವೃತ್ತಿಯನ್ನೂ ಅದರ ಕಟ್ಟುಕಟ್ಟಳೆಗಳನ್ನೂ ಆಟಗಾರರೇ ನಿರ್ಮಿಸಿಕೊಂಡರು. ಅಂತರಜಾಲದ ಆಟಗಳಲ್ಲಿ ಇಷ್ಟು ಗಂಭೀರವಾದ ಸಾಮಾಜಿಕ ಸೃಷ್ಟಿ ವಿರಳವೆಂದೇ ಹೇಳಬೇಕು. ಏಕೆಂದರೆ ಇಲ್ಲಿನ ನೌಕೆ, ನಕ್ಷತ್ರ, ನಾಣ್ಯಗಳೆಲ್ಲ ಕಲ್ಪಿತವಾದರೂ ಮನುಷ್ಯರು ಪರಸ್ಪರರಲ್ಲಿ ಇರಿಸುವ ವಿಶ್ವಾಸವು ನಿಜವಾದುದು, ಗೂಢಚಾರನು ಮೊದಲು ಕದಿಯುವುದು ಅದನ್ನೇ.

ಇಂತಹ ಸಂಸ್ಥೆಗಳು ಹುಟ್ಟುವುದಕ್ಕೆ ಆಟದ ರಚನೆಯೇ ಆಸ್ಪದವಿತ್ತಿತು. ನ್ಯೂ ಈಡನ್ ಎಂಬ ಅದರ ಲೋಕದಲ್ಲಿ 7,000ಕ್ಕೂ ಮಿಕ್ಕ ನಕ್ಷತ್ರವ್ಯೂಹಗಳುಂಟು. ಚೀನಾದ ಆಟಗಾರರಿಗಾಗಿ ಬೇರೆಯೇ ಇರುವ ವ್ಯವಸ್ಥೆಯೊಂದನ್ನು ಬಿಟ್ಟರೆ ಉಳಿದ ಸಮಸ್ತರೂ ಟ್ರ್ಯಾಂಕ್ವಿಲಿಟಿ ಎಂಬ ಒಂದೇ ಸರ್ವರಿನಲ್ಲಿ ಆಡುವುದರಿಂದ ಒಬ್ಬನ ಕೃತ್ಯದ ಫಲವು ಎಲ್ಲರಿಗೂ ತಟ್ಟುತ್ತದೆ. ಕಾಂಕಾರ್ಡ್ ಎಂಬ ಪೊಲೀಸು ಪಡೆ ಕಾಯುವ ಪ್ರಾಂತಗಳಿಂದಾಚೆ, ಆಟಗಾರರು ನಲ್‌ಸೆಕ್ ಎಂದು ಕರೆಯುವ ಪ್ರದೇಶದಲ್ಲಿ ಯಾವ ಕಾನೂನೂ ಇಲ್ಲ. ಅಲ್ಲಿ ಕಾರ್ಪೊರೇಷನ್ನುಗಳೂ ಅವು ಕೂಡಿ ಆದ ಅಲೈಯನ್ಸುಗಳೂ ನೆಲವನ್ನು ಗೆದ್ದು ಆಳುತ್ತವೆ. ಕಾರ್ಪೊರೇಷನ್ನಿನ ಖಜಾನೆ, ಉಗ್ರಾಣ, ಸದಸ್ಯತ್ವ ಇವೆಲ್ಲದರ ಮೇಲಿನ ಅಧಿಕಾರ ಡೈರೆಕ್ಟರ್ ಪದವಿಯ ಕೆಲವೇ ಮಂದಿಯ ಕೈಯಲ್ಲಿರುವುದರಿಂದ, ಅವರಲ್ಲೊಬ್ಬನು ತಿರುಗಿಬಿದ್ದರೆ ಸಹಸ್ರಾರು ಜನ ವರ್ಷಗಟ್ಟಲೆ ದುಡಿದು ಕೂಡಿಸಿದುದು ಒಂದು ರಾತ್ರಿಯಲ್ಲಿ ಇಲ್ಲವಾಗಬಹುದು. ಕಂಪನಿಯ ನಿಯಮಗಳು ಆಟದ ವಸ್ತುಗಳನ್ನು ನಿಜವಾದ ಹಣಕ್ಕೆ ಮಾರುವುದನ್ನೂ ಪರರ ಖಾತೆಗೆ ಕನ್ನವಿಕ್ಕುವುದನ್ನೂ ನಿಷೇಧಿಸುತ್ತವೆ. ಆದರೆ ಆಟದೊಳಗಿನ ವಂಚನೆ, ಕಳವು, ಸ್ವಾಮಿದ್ರೋಹಗಳನ್ನು ಅವು ಅಪರಾಧವೆಂದೆಣಿಸುವುದಿಲ್ಲ.

ಸಂಸ್ಥೆಗಳ ಕಾರ್ಯಕ್ರಮವು ಹೊರಗಿನವರು ಊಹಿಸುವಷ್ಟು ರೋಮಾಂಚಕವಾದುದಲ್ಲ. ಅದರ ಬಹುಭಾಗ ತಾಳ್ಮೆಯಿಂದ ಮಾಡಬೇಕಾದ ಗುಮಾಸ್ತಗಿರಿ. ಒಂದು ಖಾತೆಯಲ್ಲಿ ಮೂರು ಪಾತ್ರಗಳನ್ನು ಇರಿಸಿಕೊಳ್ಳುವುದಕ್ಕೂ ಒಬ್ಬನೇ ಹಲವು ಖಾತೆಗಳನ್ನು ತೆರೆಯುವುದಕ್ಕೂ ಅವಕಾಶವಿರುವ ಕಾರಣ, ಆಲ್ಟ್ ಎಂದು ಕರೆಯಲಾಗುವ ಎರಡನೆಯ ಪಾತ್ರವೊಂದನ್ನು ಸೃಷ್ಟಿಸಿ, ಅದಕ್ಕೊಂದು ನಂಬಲರ್ಹವಾದ ಪೂರ್ವೇತಿಹಾಸವನ್ನು ಕಲ್ಪಿಸಿ, ಶತ್ರುವಿನ ಕಾರ್ಪೊರೇಷನ್ನಿಗೆ ಸಾಮಾನ್ಯ ಸದಸ್ಯನಂತೆ ಅರ್ಜಿ ಹಾಕಿಸುವುದು ಮೊದಲ ಹೆಜ್ಜೆ. ಒಳಸೇರಿದವನು ದಂಡಯಾತ್ರೆಗಳಿಗೆ ತಪ್ಪದೆ ಹೋಗುತ್ತಾನೆ, ಸೇನಾನಿಯ ಧ್ವನಿಯನ್ನು ಆಲಿಸುತ್ತಾನೆ, ಸದಸ್ಯರಿಗೆ ಮಾತ್ರ ತೋರುವ ಪ್ರಕಟಣೆಗಳ ಪ್ರತಿಯನ್ನು ತನ್ನವರಿಗೆ ಮುಟ್ಟಿಸುತ್ತಾನೆ. ನೌಕಾದಳವು ಹೊರಡುವ ವೇಳೆ ಮತ್ತು ದಿಕ್ಕು ಮುಂಚಿತವಾಗಿ ತಿಳಿದರೆ ಅರ್ಧ ಯುದ್ಧವನ್ನು ಗೆದ್ದಂತೆಯೇ. ಇದನ್ನು ತಡೆಯಲು ಎದುರುಪಕ್ಷದ ಪ್ರತಿಬೇಹುಗಾರರು ಹೊಸಬರಿಂದ ಎಪಿಐ ಕೀಲಿಯನ್ನು (ಖಾತೆಯ ವಿವರಗಳನ್ನು ಇತರರು ಓದಲು ಅನುವುಮಾಡುವ ಸಂಕೇತವನ್ನು) ಕೇಳಿ ಪಡೆದು, ಅವರ ಹಣದ ವ್ಯವಹಾರವನ್ನೂ ಪತ್ರಗಳನ್ನೂ ಸ್ನೇಹಸಂಬಂಧಗಳನ್ನೂ ಶೋಧಿಸುತ್ತಿದ್ದರು. ಅಷ್ಟರಿಂದ ತೃಪ್ತರಾಗದೆ, ಒಂದೇ ಪ್ರಕಟಣೆಯನ್ನು ಓದುಗನೊಬ್ಬೊಬ್ಬನಿಗೂ ಅಲ್ಪಸ್ವಲ್ಪ ಪದಭೇದದಿಂದ ತೋರಿಸಿ, ಸೋರಿಹೋದ ಪ್ರತಿಯ ಪಾಠದಿಂದ ದ್ರೋಹಿಯನ್ನು ಗುರುತಿಸುವ ಉಪಾಯವನ್ನೂ ಹೂಡಿದರು. ಮೂವರು ಚಾರರ ಮಾತು ಒಂದಾದಾಗ ಮಾತ್ರ ಸುದ್ದಿಯನ್ನು ನಂಬಬೇಕೆಂದು ಕೌಟಿಲ್ಯನ ಅರ್ಥಶಾಸ್ತ್ರವು ವಿಧಿಸುತ್ತದೆ. ಉಭಯವೇತನರ, ಎಂದರೆ ಎರಡೂ ಪಕ್ಷಗಳಿಂದ ಸಂಬಳ ಪಡೆಯುವ ಚಾರರ, ಕಾಟವುಳ್ಳ ಈ ಲೋಕದಲ್ಲಿಯೂ ಆ ವಿಧಿ ಸರ್ವಥಾ ಸಲ್ಲತಕ್ಕದ್ದು.

ಈ ಕಲೆಯ ಮೊದಲ ಪ್ರಸಿದ್ಧ ನಿದರ್ಶನ 2005ರ ಏಪ್ರಿಲಿನಲ್ಲಿ ನಡೆಯಿತು. ಗೈಡಿಂಗ್ ಹ್ಯಾಂಡ್ ಸೋಷಿಯಲ್ ಕ್ಲಬ್ ಎಂಬ ಕೂಲಿಪಡೆಯು 100 ಕೋಟಿ ಇಸ್ಕ್ (ಆಟದ ನಾಣ್ಯ) ಶುಲ್ಕಕ್ಕೆ ಒಪ್ಪಿ, ಯೂಬಿಕ್ವಾ ಸೆರಾಫ್ ಕಾರ್ಪೊರೇಷನ್ನಿನೊಳಗೆ ತನ್ನ ಆಳುಗಳನ್ನು ಸುಮಾರು ಒಂದು ವರ್ಷದ ಕಾಲ ಮೆಲ್ಲಮೆಲ್ಲನೆ ಮೇಲೇರಿಸಿತು. ಅವರಲ್ಲೊಬ್ಬನು ಮಿರಿಯಲ್ ಎಂಬ ಅಧ್ಯಕ್ಷೆಯ ಅತ್ಯಂತ ಆಪ್ತ ಸಹಾಯಕನೇ ಆದನು. ಗೊತ್ತಾದ ಕ್ಷಣದಲ್ಲಿ ಉಗ್ರಾಣಗಳನ್ನೆಲ್ಲ ಏಕಕಾಲದಲ್ಲಿ ಬರಿದುಮಾಡಿ, ಅಧ್ಯಕ್ಷೆಯ ಅತಿವಿರಳವಾದ ಯುದ್ಧನೌಕೆಯನ್ನು ಧ್ವಂಸಗೈದು, ಆ ಪಾತ್ರದ ಶವವನ್ನು ಕರಾರಿನಂತೆ ಗಿರಾಕಿಗೆ ಒಪ್ಪಿಸಲಾಯಿತು. ನಷ್ಟವು ಸುಮಾರು 3,000 ಕೋಟಿ ಇಸ್ಕ್, ಅಂದಿನ ಲೆಕ್ಕದಲ್ಲಿ ಸುಮಾರು 16,500 ಅಮೆರಿಕನ್ ಡಾಲರು.

ಆದರೆ ಬೇಹುಗಾರಿಕೆಯು ಶಾಶ್ವತ ಇಲಾಖೆಯ ಸ್ವರೂಪವನ್ನು ಪಡೆದುದು, ಮಹಾಯುದ್ಧವೆಂದು ಆಟಗಾರರು ಕರೆಯುವ, 2006ರಿಂದ 2009ರ ವರೆಗೆ ಬ್ಯಾಂಡ್ ಆಫ್ ಬ್ರದರ್ಸ್ ಮತ್ತು ಗೂನ್‌ಸ್ವಾರ್ಮ್ ಎಂಬ ಅಲೈಯನ್ಸುಗಳ ನಡುವೆ ನಡೆದ ಹೋರಾಟದಲ್ಲಿ. ಮೊದಲನೆಯದು ಡೆಲ್ವ್ ಪ್ರಾಂತವನ್ನು ಹಿಡಿದಿದ್ದ ನುರಿತ ಯೋಧರ ಕೂಟ. ಎರಡನೆಯದು ಅಗ್ಗದ ನೌಕೆಗಳನ್ನೂ ಅನನುಭವಿಗಳ ಸಂಖ್ಯಾಬಲವನ್ನೂ ನೆಚ್ಚಿಕೊಂಡ ಹೊಸಬರ ಗುಂಪು. ಸಮಬಲದ ಕಾಳಗವು ತಮಗೆ ಅಸಾಧ್ಯವೆಂದರಿತ ಗೂನ್‌ಸ್ವಾರ್ಮಿನವರು ಗೂನ್‌ಫ್ಲೀಟ್ ಇಂಟೆಲಿಜೆನ್ಸ್ ಏಜೆನ್ಸಿ ಎಂಬ ಗುಪ್ತಚರ ಇಲಾಖೆಯನ್ನು ರಚಿಸಿ, ದಿ ಮಿತ್ತಾನಿ ಎಂಬ ಪಾತ್ರನಾಮದ ಆಟಗಾರನನ್ನು ಅದರ ಮುಖ್ಯಸ್ಥನನ್ನಾಗಿ ಮಾಡಿದರು. ನೌಕೆಯನ್ನು ನಡೆಸುವುದಕ್ಕಿಂತ ಹೆಚ್ಚಾಗಿ ಮನುಷ್ಯರ ಅತೃಪ್ತಿಯನ್ನು ಗುರುತಿಸಿ ಪೋಷಿಸುವುದರಲ್ಲಿ ಇವನು ನಿಪುಣನಾಗಿದ್ದನು. ಈ ನಡುವೆ, 2007ರ ಫೆಬ್ರವರಿಯಲ್ಲಿ, ಸಿಸಿಪಿಯ ನೌಕರನೊಬ್ಬನು ಬ್ಯಾಂಡ್ ಆಫ್ ಬ್ರದರ್ಸ್‌ಗೆ ಸೇರಿದ್ದು ತನ್ನ ಪಾತ್ರಕ್ಕೆ ಅಮೂಲ್ಯವಾದ ನೀಲನಕ್ಷೆಗಳನ್ನು ಅಕ್ರಮವಾಗಿ ದೊರಕಿಸಿಕೊಂಡಿದ್ದ ಸಂಗತಿ ಬಯಲಾಗಿ, ಕಂಪನಿಯು ಆಂತರಿಕ ತನಿಖಾ ವಿಭಾಗವೊಂದನ್ನು ಸ್ಥಾಪಿಸಬೇಕಾಯಿತು. 2008ರಲ್ಲಿ ಆಟಗಾರರಿಂದಲೇ ಚುನಾಯಿತವಾದ ಪ್ರತಿನಿಧಿ ಮಂಡಲಿಯೂ ಅಸ್ತಿತ್ವಕ್ಕೆ ಬಂದಿತು. ಒಳಗಿನ ಗುಟ್ಟು ಹೊರಬಿದ್ದುದರಿಂದ ಇಡೀ ಆಟದ ಆಡಳಿತಕ್ಕೆ ಆದ ಈ ಉಪಕಾರವನ್ನು ಮರೆಯಲಾಗದು.

ಮಹಾಯುದ್ಧದ ಅಂತಿಮ ಪ್ರಹಾರವನ್ನು ವರ್ಷಗಟ್ಟಲೆ ಹುದುಗಿಸಿಟ್ಟ ಯಾವ ಚಾರನೂ ನೀಡಲಿಲ್ಲ. 2009ರ ಫೆಬ್ರವರಿಯ ಆರಂಭದಲ್ಲಿ ಬ್ಯಾಂಡ್ ಆಫ್ ಬ್ರದರ್ಸ್‌ನ ಡೈರೆಕ್ಟರನೊಬ್ಬನು ತನ್ನವರಲ್ಲಿ ಬೇಸತ್ತು, ತಾನಾಗಿಯೇ ಗೂನ್‌ಸ್ವಾರ್ಮಿನ ಬಾಗಿಲನ್ನು ತಟ್ಟಿದನು. ಅವನ ಕೈಯಲ್ಲಿದ್ದ ಅಧಿಕಾರವೇನೆಂಬುದನ್ನು ಮಿತ್ತಾನಿ ಕ್ಷಣಮಾತ್ರದಲ್ಲಿ ಗ್ರಹಿಸಿದನು; ಹಣವನ್ನೂ ನೌಕೆಗಳನ್ನೂ ಕೊಂಡೊಯ್ದುದು ಸಾಲದೆ, ಅಂಗಸಂಸ್ಥೆಗಳನ್ನು ಒಂದೊಂದಾಗಿ ಹೊರಹಾಕಿ ಅಲೈಯನ್ಸನ್ನೇ ವಿಸರ್ಜಿಸಲಾಯಿತು, ಆ ಹೆಸರನ್ನು ಮತ್ತೆ ಬಳಸಲಾಗದಂತೆ ಗೂನ್‌ಸ್ವಾರ್ಮಿನವರೇ ನೋಂದಾಯಿಸಿಕೊಂಡರು. ಅಲೈಯನ್ಸಿನೊಡನೆ ಡೆಲ್ವ್ ಪ್ರಾಂತದ ಒಡೆತನವೂ ಅದನ್ನಾಶ್ರಯಿಸಿದ ರಕ್ಷಣಾವ್ಯವಸ್ಥೆಯೂ ಕುಸಿದುವು. ಕೆನ್‌ಜೋಕು ಎಂಬ ಹೊಸ ಹೆಸರಿನಲ್ಲಿ ಒಗ್ಗೂಡಿದ ಹಳೆಯ ಯೋಧರು ನೆಲವನ್ನು ಉಳಿಸಿಕೊಳ್ಳಲಾರದೆ ಹೋದರು. ಇಷ್ಟಾಗಿ ಒಂದು ವರ್ಷದಲ್ಲಿ, 2010ರ ಆರಂಭದಲ್ಲಿ, ಗೆದ್ದ ಗೂನ್‌ಸ್ವಾರ್ಮೂ ತನ್ನ ಮುಖ್ಯಸ್ಥನೊಬ್ಬನ ಕೈಯಿಂದಲೇ ಲೂಟಿಗೊಂಡು ವಿಸರ್ಜಿತವಾಯಿತು. ಆದುದರಿಂದ ಈ ಆಟದಲ್ಲಿ ಒಕ್ಕೂಟಗಳನ್ನು ಕೆಡವಿದುದು ಒಳಗಿನವರ ಅಸಮಾಧಾನವೆಂದೂ, ತನ್ನವರ ದೂರನ್ನು ಕೇಳುವ ನಾಯಕನೇ ಶ್ರೇಷ್ಠ ಪ್ರತಿಬೇಹುಗಾರನೆಂದೂ ಹೇಳುವುದು ಯುಕ್ತವಾಗಿದೆ.

ಗೂಢಚರ್ಯೆಯ ಮಗ್ಗುಲಲ್ಲೇ ರಾಜತಂತ್ರವೂ ಬೆಳೆಯಿತು. ಗೂನ್‌ಸ್ವಾರ್ಮಿನ ಸಂಧಿವಿಗ್ರಹಗಳನ್ನು ಬಹುಕಾಲ ನಿರ್ವಹಿಸಿದ ವೈಲ್ ರ್ಯಾಟ್ ಎಂಬ ಪಾತ್ರದ ಹಿಂದಿದ್ದವರು ಅಮೆರಿಕದ ವಿದೇಶಾಂಗ ಇಲಾಖೆಯ ಅಧಿಕಾರಿ ಷಾನ್ ಸ್ಮಿತ್. ಅವರು 2012ರ ಸೆಪ್ಟೆಂಬರ್ 11ರಂದು ಲಿಬಿಯಾದ ಬೆಂಗಾಜಿಯಲ್ಲಿ ನಡೆದ ದಾಳಿಯಲ್ಲಿ ಮಡಿದಾಗ, ಮಿತ್ರರಲ್ಲದೆ ಬದ್ಧವೈರಿಗಳೂ ತಮ್ಮ ಬಾಹ್ಯಾಕಾಶ ನಿಲ್ದಾಣಗಳಿಗೆ ಅವರ ಹೆಸರನ್ನಿಟ್ಟು ಗೌರವ ಸಲ್ಲಿಸಿದರು.

ಮರುಹುಟ್ಟು ಪಡೆದ ಗೂನ್‌ಸ್ವಾರ್ಮಿನ ಗುಪ್ತದಳಕ್ಕೆ ಬ್ಲ್ಯಾಕ್ ಹ್ಯಾಂಡ್ ಎಂದು ಹೆಸರು. 2017ರ ಸೆಪ್ಟೆಂಬರಿನಲ್ಲಿ ಸರ್ಕಲ್ ಆಫ್ ಟು ಎಂಬ ಅಲೈಯನ್ಸಿನ ಮುಖ್ಯ ರಾಜತಾಂತ್ರಿಕನೂ ಪ್ರತಿನಿಧಿ ಮಂಡಲಿಯ ಸದಸ್ಯನೂ ಆಗಿದ್ದ ದಿ ಜಡ್ಜ್ ಎಂಬಾತನು, ತನ್ನ ನಾಯಕನ ನಡತೆಯಿಂದ ರೋಸಿಹೋಗಿ, ಗೂನ್‌ಸ್ವಾರ್ಮಿನವರೊಡನೆ ಮಾತಾಡಿಕೊಂಡು, ಲಕ್ಷ ಕೋಟಿ ಇಸ್ಕ್‌ಗೂ ಮಿಕ್ಕ ಸಂಪತ್ತನ್ನೂ ಅಲೈಯನ್ಸಿನ ಮಹಾದುರ್ಗಗಳನ್ನೂ ಪರಾಧೀನ ಮಾಡಿದನು. ಕೋಪೋದ್ರಿಕ್ತನಾದ ನಾಯಕನು ಆ ಹೊತ್ತಿನಲ್ಲಿ ಅವನಿಗೆ ನಿಜಜೀವನದ ದೈಹಿಕ ಹಾನಿಯ ಬೆದರಿಕೆಯನ್ನೊಡ್ಡಿದನು. ಕಂಪನಿಯು ದ್ರೋಹ ಬಗೆದವನಿಗೆ ಯಾವ ದಂಡನೆಯನ್ನೂ ವಿಧಿಸಲಿಲ್ಲ. ಬೆದರಿಕೆಯೊಡ್ಡಿದ ನಾಯಕನನ್ನು ಆಟದಿಂದ ಶಾಶ್ವತವಾಗಿ ಬಹಿಷ್ಕರಿಸಿತು.