ಗಣಿತಸಾರಸಂಗ್ರಹದ ಒಂದು ಮಹಾಸಂಖ್ಯೆ ಮತ್ತು ಪಾಠಶೋಧನೆ

ಕವಿರಾಜಮಾರ್ಗವು ತಿರುಳ್ಗನ್ನಡದ ನಾಡನ್ನು ಕಿಸುವೊಳಲ್, ಕೊಪಣ, ಪುಲಿಗೆರೆ, ಒಂಕುಂದಗಳ ನಡುವೆ ಗುರುತಿಸಿದೆ. ಒಂಕುಂದವೆಂದರೆ ಇಂದಿನ ಬೈಲಹೊಂಗಲ ತಾಲ್ಲೂಕಿನ ವಕ್ಕುಂದ. ಕಿಸುವೊಳಲ್ ಎಂದರೆ ಪಟ್ಟದಕಲ್ಲು. ರಾಮದುರ್ಗ ತಾಲ್ಲೂಕಿನ ಸಾಲಹಳ್ಳಿಯ ಸೀಮೆಯು ಇವೆರಡರ ನಡುವಣ ಪ್ರಾಂತಕ್ಕೆ ಸೇರಿದುದು. ಈ ನಾಡನ್ನಾಳಿದ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ (ಕ್ರಿ.ಶ. 814–878) ಕಾಲದಲ್ಲಿ, ಸುಮಾರು 850ರ ವೇಳೆಗೆ, ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ಗಣಿತಸಾರಸಂಗ್ರಹವನ್ನು ರಚಿಸಿದರು.

ಗ್ರಂಥದ ಸಂಜ್ಞಾಧಿಕಾರದಲ್ಲಿ ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಹೆಸರುಗಳಿವೆ. ಕೋಟಿಯು ಎಂಟನೆಯದು, ಅರ್ಬುದವು ಹನ್ನೊಂದನೆಯದು. ಮುಂದೆ ಗುಣಾಕಾರದ ಉದಾಹರಣೆಗಳಲ್ಲಿ ಈ ಅರ್ಬುದಸ್ಥಾನವನ್ನು ಮುಟ್ಟುವ ಸಂಖ್ಯೆಯೊಂದು ದೊರೆಯುತ್ತದೆ: 27994681ನ್ನು 441ರಿಂದ ಗುಣಿಸಿದರೆ ಲಬ್ಧವು 12345654321. ಅಂಕಗಳು ಒಂದರಿಂದ ಆರರವರೆಗೆ ಏರಿ, ಮತ್ತೆ ಒಂದಕ್ಕೆ ಇಳಿಯುತ್ತವೆ. ಇಂಥ ಲಬ್ಧಗಳಲ್ಲಿ ಕೆಲವನ್ನು ಆಚಾರ್ಯರು ಕಂಠಾಭರಣಕ್ಕೆ ಹೋಲಿಸಿದ್ದಾರೆ.

ಈ ಸಂಖ್ಯೆ ವಿಷಮವಾದುದು. ಜೊತೆಗೆ 111111ರ ವರ್ಗವೂ ಹೌದು. 111111ರ ಅವಿಭಾಜ್ಯ ಅಪವರ್ತನಗಳು 3, 7, 11, 13, 37. ಇವುಗಳಲ್ಲಿ 3 ಮತ್ತು 7ರ ಗುಣಲಬ್ಧ 21; ಅದರ ವರ್ಗವೇ 441. ಉಳಿದ ಮೂರರ ಗುಣಲಬ್ಧ 5291; ಅದರ ವರ್ಗವೇ 27994681. ಆದುದರಿಂದ ಗುಣ್ಯ, ಗುಣಕ, ಲಬ್ಧ ಮೂರೂ ವರ್ಗಸಂಖ್ಯೆಗಳೇ ಆಗಿವೆ. ಮಹಾಸಂಖ್ಯೆಯನ್ನು ನಿಶ್ಶೇಷವಾಗಿ ಭಾಗಿಸುವ ಸಂಖ್ಯೆಗಳು ಒಟ್ಟು 243.

ಹಸ್ತಪ್ರತಿಗಳ ಅಭ್ಯಾಸಿಗಳಿಗೆ ಇದರಿಂದ ಮತ್ತೊಂದು ಪ್ರಯೋಜನವುಂಟು. ಪದ್ಯಗ್ರಂಥಗಳಲ್ಲಿ ಸಂಖ್ಯೆಗಳು ಬಹುಮಟ್ಟಿಗೆ ಪದಗಳಾಗಿ ಬರುತ್ತವೆ: ಚಂದ್ರನೆಂದರೆ ಒಂದು, ನೇತ್ರವೆಂದರೆ ಎರಡು, ಅಗ್ನಿಯೆಂದರೆ ಮೂರು. ತತ್ತ್ವವೆಂಬ ಪದವು ಜೈನರಲ್ಲಿ ಏಳನ್ನೂ ಸಾಂಖ್ಯರಲ್ಲಿ ಇಪ್ಪತ್ತೈದನ್ನೂ ಸೂಚಿಸುತ್ತದೆ. ಪರಂಪರೆಯನ್ನರಿಯದವನು ಅರ್ಥದಲ್ಲಿ ಎಡವಬಹುದು. ಲಿಪಿಕಾರನು ಒಂದು ಪದವನ್ನು ಬದಲಿಸಿದರೂ ಛಂದಸ್ಸು ಕೆಡದೆ ಉಳಿಯಬಹುದು. ಆದರೆ ಲೆಕ್ಕವು ಕೆಡದೆ ಉಳಿಯದು. ಗುಣ್ಯದಲ್ಲಿ ಒಂದು 9ರ ಬದಲು 8 ಬಂದು 27984681 ಎಂದಾಯಿತೆನ್ನೋಣ. ಲಬ್ಧವು 12341244321 ಆಗಿ, ಏರಿಳಿತದ ಕ್ರಮವು ಮುರಿಯುತ್ತದೆ. ಹಾರದ ಎಳೆ ಎಲ್ಲಿ ತುಂಡಾಯಿತೆಂಬುದನ್ನು ಅಂಕಗಳೇ ತೋರಿಸಿಕೊಡುತ್ತವೆ.

ಈ ಗ್ರಂಥವು 1912ರಲ್ಲಿ ಎಂ. ರಂಗಾಚಾರ್ಯರ ಸಂಪಾದನೆಯಲ್ಲಿ ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಅಚ್ಚಾಯಿತು. ಅವರಿಗೆ ಆಧಾರವಾದವುಗಳಲ್ಲಿ ಕನ್ನಡ ಲಿಪಿಯ ತಾಳೆಯೋಲೆಯೂ ಇತ್ತು. 2000ದಲ್ಲಿ ಪದ್ಮಾವತಮ್ಮನವರ ಕನ್ನಡ ಅನುವಾದವು ಹೊಂಬುಜದಿಂದ ಪ್ರಕಟವಾಯಿತು. ಗಣಿತದ ಓಲೆಗಳನ್ನು ಸಂಪಾದಿಸುವವರು ಪಾಠಾಂತರಗಳನ್ನು ಅಡಿಟಿಪ್ಪಣಿಗೆ ಸೇರಿಸುವ ಮುನ್ನ ಪ್ರತಿಯೊಂದನ್ನೂ ಲೆಕ್ಕಮಾಡಿ ನೋಡುವುದು ಅವಶ್ಯ. ಇತರ ಶಾಸ್ತ್ರಗ್ರಂಥಗಳಲ್ಲಿ ಎರಡು ಪಾಠಗಳಿಗೂ ಸಮರ್ಥನೆ ದೊರೆಯಬಹುದು. ಇಂಥ ಲೆಕ್ಕದಲ್ಲಿ ನಿಲ್ಲುವುದು ಒಂದೇ.